ಸ್ಯಾಟ್ ಪರೀಕ್ಷೆಯ ಇಂಗ್ಲಿಷ್ ವ್ಯಾಕರಣ: ಕನ್ನಡ ಮಾಧ್ಯಮದಲ್ಲಿ ಓದಿದ ಮಗಳಿಗೆ ಸಾಧ್ಯವೇ?

ಪ್ರಶ್ನೆ: ನಾವು ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರರು. ಮಗಳು ಹತ್ತನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ, ಈಗ ಪ್ರಥಮ ಪಿಯುಸಿ ವಿಜ್ಞಾನ ವಿಭಾಗದಲ್ಲಿದ್ದಾಳೆ. ವಿದ್ಯಾರ್ಥಿವೇತನ ಸಿಕ್ಕರೆ ಅಮೆರಿಕದಲ್ಲಿ ಪದವಿ ಓದಬೇಕೆಂಬ ಆಸೆಯಿಂದ ಬರುವ ಆಗಸ್ಟ್ ತಿಂಗಳಲ್ಲಿ ಸ್ಯಾಟ್ ಪರೀಕ್ಷೆ ಬರೆಯಲು ತಯಾರಾಗುತ್ತಿದ್ದಾಳೆ. ಮನೆಯಲ್ಲಿ ಎರಡು ಮಾದರಿ ಪರೀಕ್ಷೆ ಬರೆದಾಗ ಗಣಿತದಲ್ಲಿ 700ಕ್ಕಿಂತ ಹೆಚ್ಚು ಅಂಕ ಬಂದಿದೆ. ಓದು-ಬರಹದ ವಿಭಾಗದಲ್ಲಿ 520 ಮತ್ತು 530. ವ್ಯಾಕರಣದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಾಗಿವೆ. ನಾಲ್ಕೂ ಉತ್ತರಗಳನ್ನು ವಾಕ್ಯದಲ್ಲಿ ಸೇರಿಸಿ ಮೆಲ್ಲಗೆ ಓದಿಕೊಂಡು, ಕಿವಿಗೆ ಸರಿಯೆನಿಸಿದ್ದನ್ನು ಆಕೆ ಗುರುತು ಹಾಕುತ್ತಾಳೆ. ಬೆಂಗಳೂರಿನ ಬಂಧುಗಳು, ಇದು ಚಿಕ್ಕಂದಿನಿಂದ ಇಂಗ್ಲಿಷ್ ಮಾತನಾಡಿದವರಿಗಷ್ಟೇ ಒಲಿಯುವಂಥದ್ದು, ಎರಡು ತಿಂಗಳು ಇಲ್ಲಿಗೆ ಕಳುಹಿಸಿ ಕೋಚಿಂಗ್ ಕೊಡಿಸಿ ಎನ್ನುತ್ತಾರೆ. ಫೋನಿನಲ್ಲಿ ವಿಚಾರಿಸಿದ ಒಂದು ಕೋಚಿಂಗ್ ಕೇಂದ್ರದವರು ಮೂರು ಸಾವಿರ ಪದಗಳನ್ನು ಬಾಯಿಪಾಠ ಮಾಡಬೇಕು, ವ್ಯಾಕರಣದಲ್ಲಿ ಅತಿ ಚಿಕ್ಕ ಉತ್ತರವನ್ನು ಆರಿಸಿದರೆ ಸಾಕು ಎಂದರು. ಮನೆಯಲ್ಲಿ ಇನ್ನು ಮುಂದೆ ಇಂಗ್ಲಿಷಿನಲ್ಲೇ ಮಾತನಾಡಬೇಕೇ? ನನಗೂ ಮನೆಯವಳಿಗೂ ಅದು ಬಾರದು. ನಾವೇನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕಾರು ಪ್ರಶ್ನೆಗಳಿದ್ದರೂ ಅವುಗಳ ಹಿಂದಿರುವ ಆತಂಕ ಒಂದೇ. ಹದಿನಾರು ವರ್ಷ ಕನ್ನಡದಲ್ಲೇ ಬೆಳೆದ ಮಗು, ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳ ಜೊತೆ ಇಂಗ್ಲಿಷ್ ವ್ಯಾಕರಣದಲ್ಲೇ ಸ್ಪರ್ಧಿಸಿ ಗೆಲ್ಲಬಲ್ಲಳೇ ಎಂಬುದು. ಕಾರವಾರದಲ್ಲಿ ಹಲವು ವರ್ಷ ಪಿಯು ತರಗತಿಗಳಿಗೆ ಇಂಗ್ಲಿಷ್ ಕಲಿಸಿ, ಇಂತಹ ಪ್ರವೇಶ ಪರೀಕ್ಷೆಗಳಿಗೆ ಮಕ್ಕಳನ್ನು ಸಿದ್ಧಪಡಿಸುತ್ತ ಬಂದಿರುವ ನನ್ನ ಅನುಭವದಲ್ಲಿ, ಗೆಲ್ಲಬಲ್ಲಳು. ಓದಿ ಅರ್ಥಮಾಡಿಕೊಳ್ಳುವ ಪ್ರಶ್ನೆಗಳ ಬಗ್ಗೆ ನಾನು ಇಷ್ಟು ಧೈರ್ಯದಿಂದ ಹೇಳಲಾರೆ, ಏಕೆಂದರೆ ಅಲ್ಲಿ ವರ್ಷಗಟ್ಟಲೆ ಓದಿದವರಿಗೆ ನಿಜವಾದ ಅನುಕೂಲವಿದೆ. ವ್ಯಾಕರಣದ ಪ್ರಶ್ನೆಗಳು ಮಾತ್ರ ಬೇರೆ ಬಗೆಯವು. ಒಂದು ವಾಕ್ಯ ಎಲ್ಲಿ ಮುಗಿಯುತ್ತದೆ, ಅದರ ಕರ್ತೃಪದ ಯಾವುದು, ಪೂರ್ಣ ಕ್ರಿಯಾಪದ ಯಾವುದು ಎಂದು ಗುರುತಿಸಬಲ್ಲವರಿಗೆ ಅವುಗಳಲ್ಲಿ ಬಹುಪಾಲು ತೆರೆದುಕೊಳ್ಳುತ್ತವೆ. ನಿಮ್ಮ ಮಗಳು ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಕನ್ನಡ ವ್ಯಾಕರಣದಲ್ಲಿ ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಎಂದು ಕಲಿತಿದ್ದಾಳಲ್ಲವೇ, ಅದೇ ಪಾಠ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಮೊದಲು ಪರೀಕ್ಷೆಯ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳೋಣ, ಏಕೆಂದರೆ ನೀವು ಕೇಳಿಸಿಕೊಂಡಿರುವ ಸಲಹೆಗಳಲ್ಲಿ ಕೆಲವು ಹಳೆಯ ಪರೀಕ್ಷೆಗೆ ಸೇರಿದವು. ಸ್ಯಾಟ್ ಪರೀಕ್ಷೆ ಅಮೆರಿಕದ ಹೊರಗಿನ ವಿದ್ಯಾರ್ಥಿಗಳಿಗೆ 2023ರಲ್ಲಿ, ಅಮೆರಿಕದವರಿಗೆ 2024ರಲ್ಲಿ ಸಂಪೂರ್ಣವಾಗಿ ಕಂಪ್ಯೂಟರಿಗೆ ಬದಲಾಯಿತು. ಅದಕ್ಕೂ ಮೊದಲು ಬರವಣಿಗೆ ಮತ್ತು ಭಾಷೆಗೆಂದು 35 ನಿಮಿಷಗಳ, 44 ಪ್ರಶ್ನೆಗಳ ಪ್ರತ್ಯೇಕ ಭಾಗವಿತ್ತು. ಉದ್ದನೆಯ ಲೇಖನಗಳಲ್ಲಿ ಗೆರೆ ಎಳೆದ ಪದಗಳನ್ನು ತಿದ್ದಬೇಕಾಗಿತ್ತು. ಈಗ ಓದು ಮತ್ತು ಬರಹ ಒಂದೇ ವಿಭಾಗ. ಅದರಲ್ಲಿ 54 ಪ್ರಶ್ನೆಗಳು, 64 ನಿಮಿಷ. ತಲಾ 27 ಪ್ರಶ್ನೆಗಳ, 32 ನಿಮಿಷಗಳ ಎರಡು ಭಾಗಗಳು. ಪ್ರತಿ ಪ್ರಶ್ನೆಗೂ 25ರಿಂದ 150 ಪದಗಳ ಒಂದು ಪುಟ್ಟ ಉದ್ಧೃತ ಭಾಗವಿರುತ್ತದೆ. ಈ 54ರಲ್ಲಿ ಶುದ್ಧ ವ್ಯಾಕರಣ ಮತ್ತು ಲೇಖನ ಚಿಹ್ನೆಗಳಿಗೆ ಸಂಬಂಧಿಸಿದವು 11ರಿಂದ 15. ವಾಕ್ಯಗಳ ನಡುವಿನ ಸಂಬಂಧ ಹಾಗೂ ಟಿಪ್ಪಣಿಗಳನ್ನು ಜೋಡಿಸುವುದಕ್ಕೆ ಸಂಬಂಧಿಸಿದವು 8ರಿಂದ 12. ಇವೆರಡೂ ಸೇರಿ ವಿಭಾಗದ ಹತ್ತಿರ ಹತ್ತಿರ ಅರ್ಧದಷ್ಟಾಗುತ್ತವೆ. ಆದ್ದರಿಂದ ಬಂಧುಗಳ ಮನೆಯಿಂದಲೋ ಹಳೆಯ ಪುಸ್ತಕದಂಗಡಿಯಿಂದಲೋ 2023ಕ್ಕಿಂತ ಹಿಂದಿನ ದಪ್ಪ ಪುಸ್ತಕ ಸಿಕ್ಕಿದ್ದರೆ, ನಿಯಮಗಳನ್ನು ತಿಳಿಯಲು ಅದನ್ನು ತಿರುವಿ ಹಾಕಬಹುದು, ಅಭ್ಯಾಸಕ್ಕೆ ಮಾತ್ರ ಬಳಸಬೇಡಿ.

ಈಗ ಕಿವಿಯ ವಿಚಾರಕ್ಕೆ ಬರುತ್ತೇನೆ. ಕಿವಿಗೆ ಸರಿಯೆನಿಸಿದ್ದನ್ನು ಆರಿಸುವುದು ನಿಮ್ಮ ಮಗಳೊಬ್ಬಳ ಅಭ್ಯಾಸವಲ್ಲ. ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳೂ ಹಾಗೆಯೇ ಮಾಡಿ ತಪ್ಪುತ್ತಾರೆ. ಮಾತಿನಲ್ಲಿ ಕಾಮಾ, ಸೆಮಿಕೋಲನ್, ಅಪಾಸ್ಟ್ರಫಿಗಳು ಕೇಳಿಸುವುದಿಲ್ಲ. ‘ಇಟ್ಸ್’ ಎಂಬುದನ್ನು ಅಪಾಸ್ಟ್ರಫಿ ಹಾಕಿ ಬರೆದರೆ ‘ಅದು ಆಗಿದೆ’ ಎಂದೂ, ಹಾಕದೆ ಬರೆದರೆ ‘ಅದರ’ ಎಂದೂ ಅರ್ಥ. ಉಚ್ಚಾರಣೆ ಎರಡಕ್ಕೂ ಒಂದೇ ಆಗಿರುವಾಗ ಎಂತಹ ಪಳಗಿದ ಕಿವಿಯೂ ಇಲ್ಲಿ ನೆರವಾಗದು. ಉಸಿರು ನಿಲ್ಲಿಸುವಲ್ಲಿ ಕಾಮಾ ಹಾಕಬೇಕೆಂಬ ಮಾತನ್ನು ನಮ್ಮ ಶಾಲೆಗಳಲ್ಲಿ ಇಂದಿಗೂ ಹೇಳುತ್ತಾರೆ. ಗಟ್ಟಿಯಾಗಿ ಓದಲು ಕಲಿಯುವ ಪುಟ್ಟ ಮಕ್ಕಳಿಗೆ ಅದು ಉಪಕಾರಿ. ಈ ಪರೀಕ್ಷೆಯಲ್ಲಿ ಅದೇ ಮಾತು ಮಕ್ಕಳನ್ನು ದಾರಿ ತಪ್ಪಿಸುವುದನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ಹಾಗಾಗಿ ಆಕೆ ಮೊದಲು ಬಿಡಬೇಕಾದದ್ದು ನಾಲ್ಕೂ ಉತ್ತರಗಳನ್ನು ಓದಿಕೊಂಡು ನೋಡುವ ಅಭ್ಯಾಸವನ್ನು. ಉತ್ತರಗಳನ್ನು ವಾಕ್ಯಕ್ಕೆ ಸೇರಿಸುವ ಮೊದಲು ಅವುಗಳನ್ನೇ ಒಂದಕ್ಕೊಂದು ಹೋಲಿಸಿ ನೋಡಲಿ. ನಾಲ್ಕರಲ್ಲಿಯೂ ಪದಗಳು ಅವೇ ಆಗಿದ್ದು ಚಿಹ್ನೆಗಳು ಮಾತ್ರ ಬದಲಾಗಿದ್ದರೆ, ಕೇಳುತ್ತಿರುವುದು ವಾಕ್ಯದ ಗಡಿಯನ್ನು. ಕ್ರಿಯಾಪದದ ರೂಪ ಬದಲಾಗಿದ್ದರೆ, ಹುಡುಕಬೇಕಾದದ್ದು ಕರ್ತೃಪದವನ್ನು. ಪ್ರಶ್ನೆ ಏನನ್ನು ಕೇಳುತ್ತಿದೆ ಎಂದು ಉತ್ತರಗಳೇ ಹೇಳಿಬಿಡುತ್ತವೆ.

ಕನ್ನಡದ ಮಕ್ಕಳು ಎಡವುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ನಮ್ಮ ಭಾಷೆಯ ರಚನೆಯೇ ಅದಕ್ಕೆ ಕಾರಣ. ಆ ಕಾರಣ ತಿಳಿದರೆ ತಪ್ಪು ಅರ್ಧಕ್ಕರ್ಧ ಕಡಿಮೆಯಾಗುವುದನ್ನು ಕಂಡಿರುವುದರಿಂದ, ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ದಯವಿಟ್ಟು ಮಗಳಿಗೆ ಓದಲು ಕೊಡಿ.

‘ಶಿರಸಿಯ ಮಾರುಕಟ್ಟೆಗಳಲ್ಲಿ ಮಾರಾಟವಾದ ಅಡಿಕೆಗಳ ಗುಣಮಟ್ಟ’ ಎಂಬ ಮಾತನ್ನು ನೋಡಿ. ಕನ್ನಡದಲ್ಲಿ ವಿಶೇಷಣಗಳೆಲ್ಲ ಮುಂದೆ ಸಾಲುಗಟ್ಟಿ ನಿಂತು, ಮುಖ್ಯ ಪದವಾದ ‘ಗುಣಮಟ್ಟ’ ಕೊನೆಯಲ್ಲಿ ಬರುತ್ತದೆ. ಅದರ ನಂತರ ನೇರವಾಗಿ ಕ್ರಿಯಾಪದದ ಕಡೆಗೆ ಸಾಗುತ್ತೇವೆ. ಇಂಗ್ಲಿಷಿನಲ್ಲಿ ಇದು ತಿರುವುಮುರುವು: ‘ದ ಕ್ವಾಲಿಟಿ ಆಫ್ ದ ನಟ್ಸ್ ಸೋಲ್ಡ್ ಇನ್ ದ ಮಾರ್ಕೆಟ್ಸ್ ಆಫ್ ಶಿರಸಿ’. ಮುಖ್ಯ ಪದ ಮೊದಲೇ ಬಂದುಹೋಗಿ, ಕ್ರಿಯಾಪದದ ಹೊತ್ತಿಗೆ ಬಹುವಚನದ ‘ನಟ್ಸ್’, ‘ಮಾರ್ಕೆಟ್ಸ್’ಗಳು ಮನಸ್ಸನ್ನು ತುಂಬಿಕೊಂಡಿರುತ್ತವೆ. ಮಗು ‘ಡಿಪೆಂಡ್’ ಎಂದು ಗುರುತು ಹಾಕುತ್ತದೆ. ಇರಬೇಕಾದದ್ದು ಏಕವಚನದ ‘ಡಿಪೆಂಡ್ಸ್’. ಇದಕ್ಕೆ ನಾನು ಹೇಳಿಕೊಡುವ ಉಪಾಯವೆಂದರೆ, ಕ್ರಿಯಾಪದಕ್ಕಿಂತ ಹಿಂದಿರುವ ಪದಪುಂಜವನ್ನಷ್ಟೇ ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸುವುದು. ಕನ್ನಡದಲ್ಲಿ ಕೊನೆಗೆ ಬಂದು ನಿಲ್ಲುವ ನಾಮಪದವೇ ಕರ್ತೃಪದ. ಇಡೀ ವಾಕ್ಯವನ್ನು ಅನುವಾದಿಸಲು ಹೋದರೆ ಸಮಯ ಸಾಲದು, ಆ ಪುಂಜವೊಂದೇ ಸಾಕು. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಇದು ಕ್ಷಣಮಾತ್ರದ ಕೆಲಸ. ಇದರ ಜೊತೆ ಇನ್ನೊಂದು ಎಚ್ಚರಿಕೆ ಬೇಕು: ‘ಗಾಳಿಗೆ ಹತ್ತು ಮರ ಬಿತ್ತು’ ಎಂದು ನಾವು ಆಡುಮಾತಿನಲ್ಲಿ ಸಲೀಸಾಗಿ ಹೇಳುತ್ತೇವೆ. ನಪುಂಸಕಲಿಂಗದ ಪದಗಳಿಗೆ ಬಹುವಚನ ಹಚ್ಚದೇ ಮಾತನಾಡಿ ರೂಢಿಯಾದ ನಮಗೆ, ಇಂಗ್ಲಿಷ್ ಕ್ರಿಯಾಪದದ ಕೊನೆಯ ಒಂದು ‘ಎಸ್’ ಕಣ್ಣಿಗೇ ಬೀಳುವುದಿಲ್ಲ.

ಮೇಲಿನ ಉದಾಹರಣೆಯಲ್ಲಿ ‘ಸೋಲ್ಡ್’ ಎಂಬ ಪದವನ್ನು ಮತ್ತೆ ಗಮನಿಸಿ. ಕನ್ನಡದಲ್ಲಿ ‘ಮಾರಿದರು’ ಎಂದರೆ ವಾಕ್ಯ ಮುಗಿಯಿತು, ‘ಮಾರಿದ’ ಎಂದರೆ ಇನ್ನೂ ಏನೋ ಬರಬೇಕು. ಇಂಗ್ಲಿಷಿನ ‘ಸೋಲ್ಡ್’ ಎರಡೂ ಕೆಲಸ ಮಾಡುತ್ತದೆ. ‘ಇಂಗ್’ ಅಂತ್ಯದ ಪದಗಳಲ್ಲಿಯೂ ಇದೇ ತೊಡಕಿದೆ. ‘ದ ಕಾಳಿ ಫ್ಲೋಯಿಂಗ್ ಪಾಸ್ಟ್ ಸದಾಶಿವಗಡ’ ಎಂಬುದರ ಕೊನೆಗೆ ಪೂರ್ಣವಿರಾಮ ಇಟ್ಟರೆ ಕೆಲವು ಮಕ್ಕಳಿಗೆ ಸರಿಯೆನಿಸುತ್ತದೆ. ಅದನ್ನೇ ಕನ್ನಡದಲ್ಲಿ ‘ಸದಾಶಿವಗಡದ ಪಕ್ಕ ಹರಿಯುವ ಕಾಳಿ’ ಎಂದರೆ, ಕಾಳಿ ಏನಾಯಿತು ಎಂದು ಕೇಳಿದವರು ಕಾಯುತ್ತಾರೆ. ಕೃದಂತ ಮತ್ತು ಪೂರ್ಣ ಕ್ರಿಯಾಪದಗಳ ವ್ಯತ್ಯಾಸವನ್ನು ನಮ್ಮ ಭಾಷೆ ಪ್ರತ್ಯಯಗಳಲ್ಲೇ ತೋರಿಸುವುದರಿಂದ ನಿಮ್ಮ ಮಗಳಿಗೆ ಅದು ಆಗಲೇ ಗೊತ್ತಿದೆ. ಗೊತ್ತಿರುವುದನ್ನು ಇಂಗ್ಲಿಷ್ ವಾಕ್ಯದ ಮೇಲೆ ಪ್ರಯೋಗಿಸಬೇಕೆಂದು ಆಕೆಗೆ ಯಾರೂ ಹೇಳಿಲ್ಲ, ಅಷ್ಟೇ.

ಅತಿ ಹೆಚ್ಚು ಅಂಕ ಕಳೆದುಕೊಳ್ಳುವುದು ವಾಕ್ಯಗಳ ಗಡಿಯಲ್ಲಿ. ‘ಅಪ್ಪ ತೋಟಕ್ಕೆ ಹೋಗಿ, ಬೋರ್ಡೋ ದ್ರಾವಣ ಹೊಡೆಸಿ, ಮಧ್ಯಾಹ್ನ ಮನೆಗೆ ಬಂದು, ಊಟ ಮಾಡಿದರು’ ಎನ್ನುವಾಗ ಕ್ರಿಯೆ ನಾಲ್ಕಿದ್ದರೂ ಪೂರ್ಣ ಕ್ರಿಯಾಪದ ಒಂದೇ. ಉಳಿದವು ಕೃದಂತಾವ್ಯಯಗಳು, ಅವುಗಳ ನಡುವೆ ಅಲ್ಪವಿರಾಮ ಇಟ್ಟರೆ ತಪ್ಪಿಲ್ಲ. ಇದೇ ಓಟದಲ್ಲಿ ಇಂಗ್ಲಿಷ್ ಬರೆಯುವ ಮಗು ‘ಫಾದರ್ ವೆಂಟ್ ಟು ದ ಗಾರ್ಡನ್, ಹಿ ಸ್ಪ್ರೇಡ್ ದ ಟ್ರೀಸ್, ಹಿ ಕೇಮ್ ಹೋಮ್’ ಎಂದು ಬರೆಯುತ್ತದೆ. ಇಲ್ಲಿ ಮೂರೂ ಪೂರ್ಣ ವಾಕ್ಯಗಳು. ಎರಡು ಪೂರ್ಣ ವಾಕ್ಯಗಳ ನಡುವೆ ಬರೀ ಕಾಮಾ ನಿಲ್ಲುವಂತಿಲ್ಲ ಎಂಬ ನಿಯಮವನ್ನು ಈ ಪರೀಕ್ಷೆ ಬಿಗಿಯಾಗಿ ಪಾಲಿಸುತ್ತದೆ. ಅಲ್ಲಿ ಪೂರ್ಣವಿರಾಮವೋ ಸೆಮಿಕೋಲನ್ನೋ ಬರಬೇಕು, ಇಲ್ಲವೇ ಕಾಮಾದ ಜೊತೆಗೆ ‘ಆ್ಯಂಡ್’, ‘ಬಟ್’, ‘ಸೋ’ಗಳಂತಹ ಜೋಡಿಸುವ ಪದ ಇರಬೇಕು, ಎರಡನೆಯ ವಾಕ್ಯ ಮೊದಲನೆಯದನ್ನು ವಿವರಿಸುತ್ತಿದ್ದರೆ ಕೋಲನ್ ಅಥವಾ ಡ್ಯಾಶ್ ಸಹ ಬರಬಹುದು. ಕೋಲನ್‌ನ ನಂತರ ಏನು ಬಂದರೂ ಸರಿ, ಅದಕ್ಕಿಂತ ಮೊದಲು ಇರುವುದು ಮಾತ್ರ ಪೂರ್ಣ ವಾಕ್ಯವಾಗಿರಲೇಬೇಕು. ಪೂರ್ಣವಿರಾಮ ಮತ್ತು ಸೆಮಿಕೋಲನ್ ಇಲ್ಲಿ ಒಂದೇ ಕೆಲಸ ಮಾಡುವುದರಿಂದ, ಉಳಿದುದೆಲ್ಲ ಒಂದೇ ಆಗಿದ್ದು ಈ ಚಿಹ್ನೆ ಮಾತ್ರ ಬೇರೆಯಾಗಿರುವ ಎರಡು ಉತ್ತರಗಳು ಕಂಡರೆ ಎರಡನ್ನೂ ಹೊಡೆದುಹಾಕಬಹುದು. ಸರಿಯುತ್ತರ ಒಂದೇ ಇರಬೇಕಾದುದರಿಂದ ಎರಡೂ ಸರಿಯಾಗಲಾರವು.

ನಮ್ಮ ‘ಆದರೆ’ ಎಂಬ ಒಂದೇ ಪದ ಇಂಗ್ಲಿಷಿನ ‘ಬಟ್’ ಹಾಗೂ ‘ಹೌಎವರ್’ ಎರಡಕ್ಕೂ ಸಲ್ಲುತ್ತದೆ. ಇಂಗ್ಲಿಷ್ ವ್ಯಾಕರಣಕ್ಕೆ ಅವು ಬೇರೆ ಬೇರೆ ಜಾತಿಯವು. ‘ಬಟ್’ನ ಹಿಂದೆ ಕಾಮಾ ಸಾಕು. ಎರಡನೆಯ ವಾಕ್ಯವನ್ನು ‘ಹೌಎವರ್’ ಆರಂಭಿಸಿದರೆ ಅದರ ಹಿಂದೆ ಪೂರ್ಣವಿರಾಮ ಅಥವಾ ಸೆಮಿಕೋಲನ್ ಬೇಕು. ‘ದೇರ್‌ಫೋರ್’, ‘ಮೋರೋವರ್’ಗಳೂ ಇದೇ ಗುಂಪಿಗೆ ಸೇರಿದವು. ಕಠಿಣ ಪ್ರಶ್ನೆಗಳಲ್ಲಿ ‘ಹೌಎವರ್’ ಹಿಂದಿನ ವಾಕ್ಯದ ಬಾಲಕ್ಕೆ ಸೇರಿಕೊಂಡು, ಸೆಮಿಕೋಲನ್ ಅದರ ನಂತರ ಬರುವುದೂ ಉಂಟು. ಯಾವ ಮಾತು ಯಾವುದಕ್ಕೆ ವಿರೋಧವಾಗಿದೆ ಎಂದು ಅರ್ಥ ನೋಡಿಯೇ ಅದನ್ನು ನಿರ್ಧರಿಸಬೇಕು.

ಇನ್ನೊಂದು ಬಗೆಯ ಕಾಮಾ ಆವರಣದಂತೆ ಕೆಲಸ ಮಾಡುತ್ತದೆ. ಭಾರತೀಯ ಸಿವಿಲ್ ಸರ್ವಿಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರ್ ನಮ್ಮ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು ಎಂದು ಕನ್ನಡದಲ್ಲಿ ಯಾವ ಚಿಹ್ನೆಯ ಹಂಗೂ ಇಲ್ಲದೆ ಬರೆಯಬಹುದು. ಇಂಗ್ಲಿಷಿನಲ್ಲಿ ಹೆಸರು ಮೊದಲು ಬಂದು, ‘ಸಿವಿಲ್ ಸರ್ವಿಸ್ ಸೇರಿದ ಮೊದಲ ಭಾರತೀಯ’ ಎಂಬ ವಿವರ ನಡುವೆ ನುಸುಳಿ, ಆಮೇಲೆ ಕ್ರಿಯಾಪದ ಬರುತ್ತದೆ. ಹಾಗೆ ನುಸುಳಿದ ವಿವರದ ಎರಡೂ ಬದಿಗೆ ಒಂದೇ ಬಗೆಯ ಚಿಹ್ನೆ ಇರಬೇಕು: ಈಚೆ ಕಾಮಾ ಇದ್ದರೆ ಆಚೆಗೂ ಕಾಮಾ, ಈಚೆ ಡ್ಯಾಶ್ ಇದ್ದರೆ ಆಚೆಗೂ ಡ್ಯಾಶ್. ಆ ವಿವರವನ್ನು ಬೆರಳಿನಿಂದ ಮುಚ್ಚಿ ಓದಿದಾಗ ಉಳಿದ ವಾಕ್ಯ ಗಟ್ಟಿಯಾಗಿ ನಿಲ್ಲಬೇಕು.

ಇನ್ನೊಂದು ತೊಡಕು ನನಗೆ ಅತ್ಯಂತ ಕುತೂಹಲದ್ದು. ‘ಕಾರವಾರದ ಕಡಲ ತೀರದಲ್ಲಿ ನಡೆಯುತ್ತಿದ್ದಾಗ ಸೂರ್ಯಾಸ್ತ ಸುಂದರವಾಗಿ ಕಂಡಿತು’ ಎಂಬುದು ಶುದ್ಧ ಕನ್ನಡ ವಾಕ್ಯ. ನಡೆಯುತ್ತಿದ್ದವರು ಯಾರೆಂದು ಹೇಳದಿದ್ದರೂ ಯಾರಿಗೂ ಗೊಂದಲವಿಲ್ಲ. ಅದೇ ವಾಕ್ಯವನ್ನು ‘ವಾಕಿಂಗ್ ಅಲಾಂಗ್ ದ ಬೀಚ್’ ಎಂದು ಆರಂಭಿಸಿ, ಕಾಮಾದ ನಂತರ ‘ದ ಸನ್‌ಸೆಟ್’ ಎಂದು ಬರೆದರೆ, ಇಂಗ್ಲಿಷ್ ವ್ಯಾಕರಣದ ಪ್ರಕಾರ ಸೂರ್ಯಾಸ್ತವೇ ದಂಡೆಯ ಮೇಲೆ ನಡೆದಂತಾಗುತ್ತದೆ. ಕರ್ತೃಪದವನ್ನು ಬಿಟ್ಟು ಮಾತನಾಡುವ ಸ್ವಾತಂತ್ರ್ಯ ನಮಗಿರುವುದರಿಂದ ಈ ತಪ್ಪು ನಮ್ಮ ಮಕ್ಕಳಿಗೆ ತಪ್ಪಾಗಿಯೇ ತೋರುವುದಿಲ್ಲ. ಹಾಗಾಗಿ ವಾಕ್ಯ ಇಂತಹ ಪದಪುಂಜದಿಂದ ಆರಂಭವಾದರೆ, ಆ ಕೆಲಸ ಮಾಡಿದವರು ಯಾರು ಎಂದು ಕೇಳಿಕೊಂಡು, ಕಾಮಾದ ನಂತರ ಅವರ ಹೆಸರಿನಿಂದಲೇ ಆರಂಭವಾಗುವ ಉತ್ತರವನ್ನು ಆರಿಸಬೇಕು. ‘ನಾರಾಯಣನ’ ಎಂಬಲ್ಲಿ ಷಷ್ಠಿ ವಿಭಕ್ತಿ ಇರುವ ಹಾಗೆ ಅಪಾಸ್ಟ್ರಫಿ ಹಚ್ಚಿದ ಹೆಸರು ಬಂದರೆ ಅದೂ ಸಲ್ಲದು. ನಡೆದವನು ನಾರಾಯಣನೇ ಹೊರತು ನಾರಾಯಣನ ಚೀಲವಲ್ಲ. ಪರೀಕ್ಷೆಯವರಿಗೆ ಈ ಬಲೆ ಬಹಳ ಪ್ರಿಯವಾದದ್ದು.

ಸಂಬಂಧಸೂಚಕ ಪದಗಳ ಪ್ರಶ್ನೆಗಳಿಗೆ ಇಷ್ಟು ವ್ಯಾಕರಣ ಬೇಕಿಲ್ಲ. ಉತ್ತರಗಳನ್ನು ಕೈಯಿಂದ ಮುಚ್ಚಿಕೊಂಡು ಎರಡು ವಾಕ್ಯಗಳನ್ನು ಓದಿ, ನಡುವೆ ಕನ್ನಡದ ಯಾವ ಪದ ಬರುತ್ತದೆ ಎಂದು ನಿರ್ಧರಿಸಲಿ: ಆದರೆ, ಆದ್ದರಿಂದ, ಉದಾಹರಣೆಗೆ, ಅದರ ಬದಲಿಗೆ, ಅಂತೆಯೇ. ಆ ನಂತರವೇ ಉತ್ತರಗಳ ಕಡೆ ನೋಡಲಿ. ಮೊದಲೇ ನೋಡಿದರೆ ಭಾರವಾದ ಪದದ ಕಡೆಗೆ ಮನಸ್ಸು ವಾಲುತ್ತದೆ. ‘ಮೋರೋವರ್’ ಹಾಕಿದರೆ ಪ್ರಬಂಧಕ್ಕೆ ಗತ್ತು ಬರುತ್ತದೆಂದು ನಾವೇ ಮಕ್ಕಳಿಗೆ ಕಲಿಸಿಬಿಟ್ಟಿದ್ದೇವೆ.

ಟಿಪ್ಪಣಿಗಳ ಪ್ರಶ್ನೆಯಲ್ಲಿ ಆಕೆ ಎಲ್ಲವನ್ನೂ ಓದಿ ಸಮಯ ಕಳೆಯುತ್ತಿರಬಹುದು. ಒಂದು ಉದಾಹರಣೆ ಕೊಡುತ್ತೇನೆ. ವಿದ್ಯಾರ್ಥಿಯ ಟಿಪ್ಪಣಿಗಳು ಹೀಗಿವೆ ಎಂದುಕೊಳ್ಳಿ: ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಹೊನ್ನಾವರ ತಾಲ್ಲೂಕಿನದು, ಅದನ್ನು 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಸ್ಥಾಪಿಸಿದರು, ಯಕ್ಷಗಾನ ಹಾಡು, ಕುಣಿತ, ಮಾತುಗಾರಿಕೆಗಳು ಕೂಡಿದ ರಂಗಕಲೆ. ಯಕ್ಷಗಾನವನ್ನು ಅರಿಯದ ಓದುಗರಿಗೆ ಮಂಡಳಿಯನ್ನು ಪರಿಚಯಿಸಬೇಕು ಎಂಬುದು ಪ್ರಶ್ನೆ. ನಾಲ್ಕು ಉತ್ತರಗಳೂ ವ್ಯಾಕರಣಶುದ್ಧವಾಗಿರುತ್ತವೆ, ನಾಲ್ಕೂ ಟಿಪ್ಪಣಿಗಳಿಗೆ ಅನುಗುಣವಾಗಿರಬಹುದು. ಹೊನ್ನಾವರ ಮತ್ತು 1934ನ್ನು ಮಾತ್ರ ಹೇಳುವ ಉತ್ತರ ಸುಳ್ಳಲ್ಲ, ಆದರೂ ಯಕ್ಷಗಾನ ಎಂದರೇನು ಎಂದು ಹೇಳದ ಕಾರಣ ಅದು ತಪ್ಪು. ಆದ್ದರಿಂದ ಮೊದಲು ಓದಬೇಕಾದದ್ದು ಪ್ರಶ್ನೆಯ ಉದ್ದೇಶವನ್ನು. ಟಿಪ್ಪಣಿಗಳನ್ನು ಬೇಕಾದರೆ ಮಾತ್ರ ನೋಡಿದರಾಯಿತು.

ಇನ್ನು ನೀವು ಕೇಳಿಸಿಕೊಂಡ ಮಾತುಗಳು. ಅತಿ ಚಿಕ್ಕ ಉತ್ತರವೇ ಸರಿ ಎಂಬುದಕ್ಕೆ ಹಿಂದೊಮ್ಮೆ ಆಧಾರವಿತ್ತು. ಹಳೆಯ ಸ್ಯಾಟ್‌ನಲ್ಲಿ ಅನಗತ್ಯ ಪದಗಳನ್ನು ತೆಗೆಯುವ ಪ್ರಶ್ನೆಗಳಿದ್ದವು, ಎಸಿಟಿ ಎಂಬ ಇನ್ನೊಂದು ಪರೀಕ್ಷೆಯ ಇಂಗ್ಲಿಷ್ ವಿಭಾಗದಲ್ಲಿ ಈಗಲೂ ಇವೆ. ಇಂದಿನ ಸ್ಯಾಟ್‌ನ ವ್ಯಾಕರಣ ಪ್ರಶ್ನೆಗಳಲ್ಲಿ ಉತ್ತರದ ಉದ್ದಕ್ಕೂ ಅದರ ಸರಿತಪ್ಪಿಗೂ ಸಂಬಂಧವಿಲ್ಲ. ‘ಬೀಯಿಂಗ್’ ಇರುವ ಉತ್ತರ ಯಾವಾಗಲೂ ತಪ್ಪು ಎಂಬ ಮಾತೂ ನಿಮ್ಮ ಕಿವಿಗೆ ಬೀಳಬಹುದು. ಬಹಳ ಸಲ ಅದು ತಪ್ಪಾಗಿರುತ್ತದೆ ನಿಜ, ಹಾಗೆಂದು ನಿಯಮವಲ್ಲ. ಮೂರು ಸಾವಿರ ಪದಗಳ ಬಾಯಿಪಾಠ ವ್ಯಾಕರಣಕ್ಕೆ ಯಾವ ಉಪಯೋಗಕ್ಕೂ ಬಾರದು. ಪದಗಳ ಅರ್ಥ ಕೇಳುವ ಪ್ರಶ್ನೆಗಳಿಗೂ ಪಟ್ಟಿಗಿಂತ ಓದಿನ ನಡುವೆ ಕಲಿತ ಪದಗಳೇ ಹೆಚ್ಚು ನೆನಪಿನಲ್ಲಿ ಉಳಿಯುತ್ತವೆ. ಆಕೆ ನೀಟ್‌ಗೂ ಓದುತ್ತಿದ್ದರೆ ಒಂದು ಅಭ್ಯಾಸವನ್ನು ಇಲ್ಲಿ ಬಿಡಬೇಕು. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ, ಸ್ಯಾಟ್‌ನಲ್ಲಿ ಕಳೆಯುವುದಿಲ್ಲ. ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಸಮಯದ ವಿಚಾರದಲ್ಲಿ, ಒಂದು ಪ್ರಶ್ನೆಗೆ ಸರಾಸರಿ 71 ಸೆಕೆಂಡು ಸಿಗುತ್ತದೆ. ಪಳಗಿದ ನಂತರ ಚಿಹ್ನೆಗಳ ಪ್ರಶ್ನೆಗೆ ಅದರ ಅರ್ಧ ಸಾಕು. ಪ್ರತಿ ಭಾಗದಲ್ಲಿಯೂ ಪದಗಳ ಅರ್ಥದ ಮತ್ತು ಓದಿನ ಪ್ರಶ್ನೆಗಳು ಮೊದಲು, ವ್ಯಾಕರಣದವು ಅರ್ಧ ದಾಟಿದ ಮೇಲೆ, ಟಿಪ್ಪಣಿಗಳವು ಕೊನೆಗೆ ಬರುತ್ತವೆ. ಒಂದೇ ಭಾಗದೊಳಗೆ ಹಿಂದೆ ಮುಂದೆ ಹೋಗಲು ಅವಕಾಶವಿರುವುದರಿಂದ, ವ್ಯಾಕರಣವನ್ನು ಮೊದಲು ಮುಗಿಸಿ ಆಮೇಲೆ ಓದಿನ ಪ್ರಶ್ನೆಗಳಿಗೆ ಮರಳುವಂತೆ ಹಲವು ಶಿಕ್ಷಕರು ಹೇಳುತ್ತಾರೆ. ಓದಿನಲ್ಲಿ ಸಮಯ ಸಾಲದೆ ಕೊನೆಯ ಸುಲಭದ ಪ್ರಶ್ನೆಗಳನ್ನು ಕಳೆದುಕೊಳ್ಳುವ ಮಗುವಿಗೆ ಇದು ಒಳ್ಳೆಯದು. ಅತ್ತಿತ್ತ ಹಾರುವಾಗ ಪ್ರಶ್ನೆಗಳು ಬಿಟ್ಟುಹೋಗುವ ಅಪಾಯವೂ ಇದೆ. ಮನೆಯಲ್ಲಿ ಎರಡು ಮೂರು ಬಾರಿ ಈ ಕ್ರಮದಲ್ಲಿ ಬರೆದು ನೋಡದೆ ನಿಜವಾದ ಪರೀಕ್ಷೆಯಲ್ಲಿ ಪ್ರಯೋಗ ಮಾಡುವುದು ಬೇಡ. ಮೊದಲ ಭಾಗದ ಫಲಿತಾಂಶದ ಮೇಲೆ ಎರಡನೆಯ ಭಾಗ ಸುಲಭದ್ದೋ ಕಠಿಣದ್ದೋ ಎಂದು ತೀರ್ಮಾನವಾಗುತ್ತದೆ. ಸುಲಭದ ಭಾಗಕ್ಕೆ ಹೋದವರಿಗೆ ಹೆಚ್ಚಿನ ಅಂಕದ ದಾರಿ ಮುಚ್ಚಿಕೊಳ್ಳುತ್ತದೆ. ಮೊದಲ ಭಾಗದ ವ್ಯಾಕರಣದಲ್ಲಿ ಗಡಿಬಿಡಿ ಮಾಡಬಾರದು ಎನ್ನುವುದು ಈ ಕಾರಣಕ್ಕೆ.

ನಿಮ್ಮ ಮುಂದಿರುವ ದಾರಿಗಳ ಬಗ್ಗೆ ಹೇಳುವುದಾದರೆ, ಎರಡು ತಿಂಗಳು ಬೆಂಗಳೂರಿಗೆ ಕಳುಹಿಸುವುದನ್ನು ನಾನು ಒಪ್ಪಲಾರೆ. ಶುಲ್ಕ ಮತ್ತು ವಸತಿಯ ಖರ್ಚು ಒಂದು ಕಡೆಯಾದರೆ, ಕಾಲೇಜಿನ ಹಾಜರಾತಿ ಮತ್ತು ವಿಜ್ಞಾನದ ಪಾಠಗಳು ತಪ್ಪುವುದು ಇನ್ನೊಂದು ಕಡೆ. ಜೊತೆಗೆ, ಎಲ್ಲರಿಗೂ ಒಂದೇ ಪಾಠ ಮಾಡುವ ಜಾಗದಲ್ಲಿ ಕನ್ನಡದ ಮಗು ಏಕೆ ತಪ್ಪುತ್ತದೆ ಎಂಬುದನ್ನು ವಿವರಿಸುವ ಸಾಧ್ಯತೆ ಕಡಿಮೆ. ಆನ್‌ಲೈನ್ ತರಗತಿ ಆಗಬಹುದು. ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟು ಮತ್ತು ನೆಟ್‌ವರ್ಕ್ ಹೇಗಿರುತ್ತವೆ ಎಂದು ನಿಮಗೇ ಗೊತ್ತು, ಹಾಗಾಗಿ ಅದನ್ನು ಮೇ ತಿಂಗಳೊಳಗೆ ಮುಗಿಯುವಂತೆ ನೋಡಿಕೊಳ್ಳಿ. ನನ್ನ ಒಲವು ಮನೆಯಲ್ಲೇ ಓದಿ, ವಾರಕ್ಕೊಮ್ಮೆ ಕಾಲೇಜಿನ ಇಂಗ್ಲಿಷ್ ಉಪನ್ಯಾಸಕರೊಬ್ಬರಿಗೆ ತಪ್ಪುಗಳನ್ನು ತೋರಿಸುವ ಕಡೆಗಿದೆ. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯ ಬ್ಲೂಬುಕ್ ಆ್ಯಪ್‌ನಲ್ಲಿ ಪೂರ್ಣ ಮಾದರಿ ಪರೀಕ್ಷೆಗಳು, ಅದರ ಜಾಲತಾಣದಲ್ಲಿ ವಿಷಯವಾರು ಪ್ರಶ್ನೆಗಳ ಸಂಗ್ರಹ, ಖಾನ್ ಅಕಾಡೆಮಿಯಲ್ಲಿ ಪಾಠಗಳು ಎಲ್ಲವೂ ಉಚಿತವಾಗಿ ಸಿಗುತ್ತವೆ. ಮಾದರಿ ಪರೀಕ್ಷೆಗಳ ಸಂಖ್ಯೆ ಸೀಮಿತವಾದುದರಿಂದ ವಾರಕ್ಕೊಂದರಂತೆ ಬರೆದು ಮುಗಿಸಬೇಡಿ. ಮೊದಲ ಆರು ವಾರ ವಾಕ್ಯದ ಗಡಿಯ ಪ್ರಶ್ನೆಗಳನ್ನಷ್ಟೇ ಸಂಗ್ರಹದಿಂದ ತೆಗೆದು ಮಾಡಲಿ. ಈ ದಾರಿಯ ಅಪಾಯವೆಂದರೆ, ಕೇಳುವವರಿಲ್ಲದಿದ್ದಾಗ ಅಭ್ಯಾಸ ಸಡಿಲವಾಗುವುದು ಮತ್ತು ಸರಿಯುತ್ತರ ನೋಡಿದೊಡನೆ ಎಲ್ಲ ಅರ್ಥವಾಯಿತೆಂಬ ಭ್ರಮೆ ಹುಟ್ಟುವುದು. ಅದಕ್ಕಾಗಿ ತಪ್ಪುಗಳಿಗೊಂದು ನೋಟ್‌ಬುಕ್ ಇಡಿಸಿ. ಸರಿಯುತ್ತರ ಯಾವುದು ಎಂಬುದರ ಜೊತೆಗೆ ತಪ್ಪುತ್ತರ ತನ್ನನ್ನು ಏಕೆ ಸೆಳೆಯಿತು ಎಂಬುದನ್ನೂ ಆಕೆ ಒಂದು ಸಾಲು ಬರೆಯಲಿ.

ಪರೀಕ್ಷೆ ಮತ್ತು ಮಾದರಿ ಪರೀಕ್ಷೆಗಳಿಗೆ ಲ್ಯಾಪ್‌ಟಾಪ್ ಅಥವಾ ಐಪ್ಯಾಡ್ ಬೇಕು, ಮೊಬೈಲಿನಲ್ಲಿ ಬರೆಯಲಾಗದು. ಆರಂಭಿಸುವಾಗ ಮತ್ತು ಕೊನೆಯಲ್ಲಿ ಉತ್ತರ ಕಳುಹಿಸುವಾಗ ಇಂಟರ್ನೆಟ್ ಇರಬೇಕು. ನಡುವೆ ಸಂಪರ್ಕ ಕಡಿದರೆ ಬರೆದದ್ದು ಅಳಿಸಿಹೋಗುವುದಿಲ್ಲ. ಬ್ಯಾಟರಿ ಮೂರು ನಾಲ್ಕು ಗಂಟೆ ತಾಳುತ್ತದೆಯೇ ಎಂದು ಈಗಲೇ ಪರಿಶೀಲಿಸಿ.

ಅಂಕದ ಬಗ್ಗೆ ನಿಮಗೆ ಸುಳ್ಳು ಭರವಸೆ ಕೊಡಲಾರೆ. ವ್ಯಾಕರಣವೊಂದರಿಂದಲೇ 520 ಇದ್ದದ್ದು 700 ಆಗುವುದಿಲ್ಲ. ಅದಕ್ಕೆ ಓದಿನ ಭಾಗವೂ ಏರಬೇಕು, ಓದು ನಿಧಾನವಾಗಿ ಏರುವಂಥದ್ದು. ಕೆಲವು ತಿಂಗಳಲ್ಲಿ ಫಲ ಕಾಣುವ ಭಾಗ ವ್ಯಾಕರಣ ಎಂಬುದಷ್ಟೇ ನನ್ನ ಮಾತು. ಆಗಸ್ಟ್‌ನಲ್ಲಿ ಬಂದ ಅಂಕ ಸಾಲದಿದ್ದರೆ ವರ್ಷಾಂತ್ಯದೊಳಗೆ ಇನ್ನೊಮ್ಮೆ ಬರೆಯಬಹುದು. ದ್ವಿತೀಯ ಪಿಯುಸಿಯ ಹೊರೆ ಆಗ ಹೆಚ್ಚಾಗಿರುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಅಮೆರಿಕದ ಎಂಐಟಿಯಂತಹ (ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ) ಕೆಲವು ಸಂಸ್ಥೆಗಳು ಸ್ಯಾಟ್ ಅಥವಾ ಎಸಿಟಿ ಅಂಕವನ್ನು ಕಡ್ಡಾಯ ಮಾಡಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಾಲೇಜುಗಳು ಪ್ರವೇಶಕ್ಕೆ ಅದನ್ನು ಪರಿಗಣಿಸುವುದೇ ಇಲ್ಲ. ಆಕೆ ಬಯಸುವ ಕಾಲೇಜುಗಳ ಪಟ್ಟಿ ಮಾಡಿ, ಪ್ರವೇಶಕ್ಕೂ ವಿದ್ಯಾರ್ಥಿವೇತನಕ್ಕೂ ಈ ಅಂಕ ಬೇಕೇ ಎಂದು ಆಯಾ ಕಾಲೇಜಿನ ಜಾಲತಾಣದಲ್ಲೇ ನೋಡಿಕೊಂಡು ಮುಂದುವರಿಯಿರಿ.

ಕೊನೆಯದಾಗಿ, ಮನೆಯಲ್ಲಿ ಇಂಗ್ಲಿಷ್ ಮಾತನಾಡಬೇಕೇ ಎಂಬ ನಿಮ್ಮ ಪ್ರಶ್ನೆ. ಮುಂದೆ ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಅಥವಾ ಸಂದರ್ಶನಕ್ಕೆ ಆಕೆ ಇಂಗ್ಲಿಷಿನಲ್ಲಿ ಮಾತನಾಡಬೇಕಾಗುತ್ತದೆ, ಅದನ್ನು ಕಾಲೇಜಿನಲ್ಲಿ ಗೆಳತಿಯರ ಜೊತೆ ರೂಢಿಸಿಕೊಳ್ಳಲಿ. ಈ ವಿಭಾಗಕ್ಕಂತೂ ನೀವು ನಿಮ್ಮ ಮನೆಮಾತನ್ನು ಬಿಡಬೇಕಾದ ಅಗತ್ಯವೇನೂ ಇಲ್ಲ. ಅದರ ಬದಲು ಒಂದು ಕೆಲಸ ಮಾಡಿ. ಈಗ ಅಡಿಕೆ ಸುಲಿಯುವ ದಿನಗಳು; ಸಂಜೆ ನೀವೆಲ್ಲ ಸುಲಿಯಲು ಕುಳಿತಾಗ ಆಕೆ ಅಂದಿನ ಎರಡು ತಪ್ಪುಗಳನ್ನು ತಂದು, ಕನ್ನಡದಲ್ಲೇ ನಿಮಗೆ ವಿವರಿಸಲಿ. ಈ ವಾಕ್ಯದಲ್ಲಿ ಕೆಲಸ ಮಾಡಿದವರು ಯಾರು, ವಾಕ್ಯವನ್ನು ಮುಗಿಸುವ ಕ್ರಿಯಾಪದ ಯಾವುದು ಎಂದು ನೀವು ಎರಡೇ ಪ್ರಶ್ನೆ ಕೇಳಿ. ತಡವರಿಸದೆ ಉತ್ತರಿಸಿದರೆ ಆ ಪ್ರಶ್ನೆ ಆಕೆಗೆ ಅರ್ಥವಾಗಿದೆ. ತಡವರಿಸಿದರೆ ಅದನ್ನು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಂಡು ವಾರದ ಕೊನೆಗೆ ಉಪನ್ಯಾಸಕರ ಬಳಿ ಒಯ್ಯಲಿ.